ಬೂದಿದಿಬ್ಬ: ದನಗಾಹಿಗಳು ಬಿಟ್ಟುಹೋದ ದಾಖಲೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೀರಿ ಎಂದುಕೊಳ್ಳಿ. ಮೊದಲು ಕಾಣುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತದ ಗದ್ದೆಗಳು. ಮಸ್ಕಿ ಸಮೀಪಿಸಿದಂತೆ ಬಂಡೆಗಳನ್ನು ಒಟ್ಟಿದಂತಿರುವ ಬೋಳುಗುಡ್ಡಗಳು ಎದುರಾಗುತ್ತವೆ. ಇಲ್ಲಿ ಇಳಿದವರಿಗೆ ಊರಿನವರು ತೋರಿಸುವುದು ಅಶೋಕನ ಶಾಸನವನ್ನು. 1915ರಲ್ಲಿ ಚಿನ್ನದ ಗಣಿಗೆ ಸಂಬಂಧಿಸಿದ ಇಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಈ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರೂ ಇದೆ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಖಚಿತವಾದದ್ದು ಇದರಿಂದ. ಹೀಗಾಗಿ ಮಸ್ಕಿಯ ಹೆಸರು ಎಲ್ಲ ಇತಿಹಾಸ ಪುಸ್ತಕಗಳಲ್ಲೂ ಸೇರಿದೆ.

ಆ ಶಾಸನಕ್ಕೆ ಈಗ ಸುಮಾರು 2,250 ವರ್ಷ. ಆದರೆ ಅದಕ್ಕೂ ಎರಡು ಸಾವಿರ ವರ್ಷಗಳಿಗಿಂತ ಹಿಂದೆಯೇ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬಿನಲ್ಲಿ ಜನ ವಾಸವಾಗಿದ್ದರು. ಅವರಿಗೆ ಅಕ್ಷರ ಗೊತ್ತಿರಲಿಲ್ಲ. ಕಬ್ಬಿಣ ಗೊತ್ತಿರಲಿಲ್ಲ. ಅವರ ಆಸ್ತಿಯೆಂದರೆ ದನ. ಅವರು ನಮಗೆ ಬಿಟ್ಟುಹೋಗಿರುವ ಅತಿ ದೊಡ್ಡ ಸ್ಮಾರಕ ಯಾವುದು ಗೊತ್ತೆ? ಬೂದಿ! ಹೌದು, ಬೂದಿಯ ಗುಡ್ಡೆಗಳು. ಪುರಾತತ್ತ್ವಜ್ಞರು ಇವನ್ನು ಬೂದಿದಿಬ್ಬಗಳೆಂದು ಕರೆಯುತ್ತಾರೆ.

ಉತ್ತರ ಕರ್ನಾಟಕ ಮತ್ತು ಅದಕ್ಕೆ ಹೊಂದಿಕೊಂಡ ಆಂಧ್ರ, ತೆಲಂಗಾಣ ಪ್ರದೇಶಗಳಲ್ಲಿ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ದಾಖಲಾಗಿವೆ. ಬಳ್ಳಾರಿ ಹತ್ತಿರದ ಕುಡತಿನಿ, ಕೃಷ್ಣೆಯ ಆಚೆ ಸುರಪುರ ಸೀಮೆಯ ಬೂದಿಹಾಳ, ತೆಲಂಗಾಣದ ಉಟ್ನೂರು ಇವು ಹೆಸರುವಾಸಿಯಾದವು. ಲಿಂಗಸುಗೂರು ಸೀಮೆಯ ವಂದಲಿ, ಗೌಡೂರುಗಳ ಹೆಸರೂ ಈ ಪಟ್ಟಿಯಲ್ಲಿದೆ. ಇವುಗಳ ಕಾಲ ಸ್ಥೂಲವಾಗಿ ಕ್ರಿ.ಪೂ. 3000ದಿಂದ ಕ್ರಿ.ಪೂ. 1200. ಈ ಬೂದಿ ಎಲ್ಲಿಂದ ಬಂತು? ಅದರಲ್ಲಿ ಏನಿದೆ? ಅದನ್ನು ಅಗೆದು ಸಾಗಿಸಿದರೆ ನಮಗೆ ಆಗುವ ನಷ್ಟವೇನು? ಒಂದೊಂದಾಗಿ ನೋಡೋಣ.

ಯಾವುದರ ಬೂದಿ?

ವಿವರಣೆಗಳಿಗೆ ಕೊರತೆ ಇರಲಿಲ್ಲ. ಕುಡತಿನಿಯ ದಿಬ್ಬ ಭೀಮನು ಕೊಂದ ಹಿಡಿಂಬನ ಚಿತೆಯೆಂದು ಜನ ಹೇಳುತ್ತಿದ್ದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಸ್ಥಳ ಎಂಬ ನಂಬಿಕೆ ಈಗಲೂ ಇದೆ. ಇವನ್ನು ಕೇಳಿ ನಗಬೇಕಾಗಿಲ್ಲ. ಇದು ಮಣ್ಣಲ್ಲ, ಏನೋ ಭಾರಿ ಪ್ರಮಾಣದಲ್ಲಿ ಸುಟ್ಟಿರುವ ಬೂದಿ ಎಂಬುದನ್ನು ಆ ಜನ ಸರಿಯಾಗಿಯೇ ಗುರುತಿಸಿದ್ದರು.

ಈ ದಿಬ್ಬಗಳ ಬಗ್ಗೆ 1843ರಷ್ಟು ಹಿಂದೆಯೇ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಲೇಖನ ಬರೆದ. ಅನಂತರ ಬಂದವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಊಹಿಸಿದರು. ಜ್ವಾಲಾಮುಖಿಯ ಬೂದಿ ಎಂದರು ಕೆಲವರು. ಸಾಮೂಹಿಕ ಶವದಹನದ ಕುರುಹು ಎಂದರು ಇನ್ನು ಕೆಲವರು. ಕಬ್ಬಿಣ ಕರಗಿಸಿದ ಕಿಟ್ಟ ಎಂಬ ವಾದವೂ ಬಂತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ನವಶಿಲಾಯುಗದ ದನಗಾಹಿಗಳ ಕೆಲಸ, ಸುಟ್ಟಿರುವುದು ಸಗಣಿ ಎಂದು 19ನೆಯ ಶತಮಾನದಲ್ಲೇ ಸೂಚಿಸಿದ್ದ.

ವಾದ ತೀರ್ಮಾನವಾದದ್ದು ಸೂಕ್ಷ್ಮದರ್ಶಕದ ಕೆಳಗೆ. ಕುಡತಿನಿಯ ಬೂದಿಯನ್ನು ಲಂಡನ್ನಿನ ಪುರಾತತ್ತ್ವ ಸಂಸ್ಥೆಯ ಎಫ್. ಇ. ಝಾಯ್ನರ್ 1950ರ ದಶಕದ ಕೊನೆಯಲ್ಲಿ ಪರೀಕ್ಷಿಸಿದರು. ಹುಲ್ಲು ನೆಲದಿಂದ ನೀರು ಹೀರುವಾಗ ಅದರೊಂದಿಗೆ ಕರಗಿದ ಸಿಲಿಕಾ ಕೂಡ ಒಳಬರುತ್ತದೆ. ಎಲೆಯ ಕೋಶಗಳಲ್ಲಿ ಅದು ಗಟ್ಟಿಯಾಗಿ ಅತಿ ಸಣ್ಣ ಅಚ್ಚುಗಳಂತೆ ಉಳಿಯುತ್ತದೆ. ಇವಕ್ಕೆ ಫೈಟೋಲಿತ್ ಎಂದು ಹೆಸರು. ಜೋಳದ ಗರಿಯ ಅಂಚು ಕೈ ಕೊಯ್ಯುತ್ತದಲ್ಲವೆ? ಅದಕ್ಕೂ ಈ ಸಿಲಿಕಾವೇ ಕಾರಣ. ದನ ಹುಲ್ಲು ತಿಂದರೆ ಫೈಟೋಲಿತ್ ಜೀರ್ಣವಾಗದೆ ಸಗಣಿಯಲ್ಲಿ ಹೊರಬರುತ್ತದೆ. ಸಗಣಿ ಸುಟ್ಟರೂ ಅದು ಬೂದಿಯಲ್ಲಿ ಉಳಿಯುತ್ತದೆ. ಕುಡತಿನಿಯ ಬೂದಿಯಲ್ಲಿ ಸಿಕ್ಕಿದ್ದು ಇಂಥ ಹುಲ್ಲಿನ ಅವಶೇಷಗಳು. ಸುಟ್ಟದ್ದು ಸಗಣಿಯೇ ಎಂಬುದು ಖಚಿತವಾಯಿತು.

ಇತ್ತೀಚಿನ ಸಂಶೋಧಕರು ಇನ್ನೊಂದು ಸಾಕ್ಷಿಯನ್ನೂ ಹುಡುಕುತ್ತಾರೆ. ಮೆಲುಕು ಹಾಕುವ ಪ್ರಾಣಿಗಳ ಕರುಳಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಗೋಳಗಳು ಉಂಟಾಗುತ್ತವೆ. ಒಂದೊಂದರ ಗಾತ್ರ ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸು. ಪರಸ್ಪರ ಅಡ್ಡವಾಗಿಟ್ಟ ಎರಡು ಧ್ರುವಕಗಳ ನಡುವೆ ಇವನ್ನು ಇಟ್ಟು ನೋಡಿದರೆ ಪ್ರತಿ ಗೋಳದ ಮೇಲೂ ಕಪ್ಪು ಕೂಡುಗುರುತು ಕಾಣುತ್ತದೆ. ಉಷ್ಣತೆ ಏರಿದಂತೆ ಈ ಗೋಳಗಳು ಮೊದಲು ಕಪ್ಪಾಗುತ್ತವೆ, ಆಮೇಲೆ ನಾಶವಾಗುತ್ತವೆ. ಆದ್ದರಿಂದ ಸಗಣಿ ಇತ್ತೇ ಎಂಬುದನ್ನು ಮಾತ್ರವಲ್ಲ, ಎಷ್ಟು ಕಾದಿತ್ತು ಎಂಬುದನ್ನೂ ಇವು ಹೇಳುತ್ತವೆ.

ಸಗಣಿ ಗಾಜಾಗುವುದು ಹೇಗೆ?

ಬೂದಿದಿಬ್ಬವನ್ನು ಲಂಬವಾಗಿ ಕತ್ತರಿಸಿದ ಕಡೆ ಪದರಗಳು ಕಾಣುತ್ತವೆ. ಕೆಲವು ಪದರ ಬಿಳಿ ಅಥವಾ ಬೂದು ಬಣ್ಣದ ಮೆತ್ತನೆಯ ಪುಡಿ. ಕೆಲವು ಕಂದು, ಅಂದರೆ ಸರಿಯಾಗಿ ಸುಡದ ಸಗಣಿ. ಮತ್ತೆ ಕೆಲವು ಕಪ್ಪು ಅಥವಾ ಹಸಿರುಛಾಯೆಯ, ಗುಳ್ಳೆಗುಳ್ಳೆಯಾದ, ಗಾಜಿನಂಥ ಗಟ್ಟಿ. ಕಬ್ಬಿಣದ ಕಿಟ್ಟವೆಂದು ಹಿಂದಿನವರು ಮೋಸಹೋದದ್ದು ಇದನ್ನು ಕಂಡೇ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಿಟ್ಟ ಭಾರ, ಇದು ಹಗುರ.

ಒಲೆಯಲ್ಲಿ ಕುಳ್ಳು ಉರಿಸಿದರೆ ಬೂದಿ ಬರುತ್ತದೆ, ಗಾಜು ಬರುವುದಿಲ್ಲ. ಹಾಗಾದರೆ ದಿಬ್ಬದಲ್ಲಿ ಗಾಜು ಹೇಗೆ ಬಂತು? ಇದಕ್ಕೆ ಎರಡು ಕಾರಣಗಳು ಸೇರಬೇಕು.

ಮೊದಲನೆಯದು ರಾಸಾಯನಿಕ ಕಾರಣ. ಶುದ್ಧ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಯಾವ ಸಗಣಿಯ ಬೆಂಕಿಯೂ ಅಷ್ಟು ಏರದು. ಆದರೆ ಬೂದಿಯಲ್ಲಿ ಸಿಲಿಕಾದ ಜೊತೆಗೆ ಪೊಟ್ಯಾಸಿಯಂ, ಸೋಡಿಯಂಗಳ ಲವಣಗಳೂ ಇರುತ್ತವೆ. ಇವು ಸೇರಿದಾಗ ಮಿಶ್ರಣವು ಸಾವಿರ ಡಿಗ್ರಿಗಿಂತ ಕೆಳಗೇ ಮೆತ್ತಗಾಗಿ ಕರಗತೊಡಗುತ್ತದೆ. ಗಾಜು ತಯಾರಿಸುವವರು ಮರಳಿಗೆ ಸೋಡಾ ಬೆರೆಸುವುದೂ ಇದೇ ಕಾರಣಕ್ಕೆ.

ಎರಡನೆಯದು ಭೌತಿಕ ಕಾರಣ. ಹಳ್ಳಿಯ ಮನೆಗಳಲ್ಲಿ ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿದರೆ ಕೆಂಡ ಇನ್ನೂ ಜೀವಂತವಾಗಿರುತ್ತಿತ್ತು. ಬೂದಿ ಉಷ್ಣದ ಅಧಮವಾಹಕ. ಅದರ ಕಣಗಳ ನಡುವೆ ಸಿಕ್ಕಿಕೊಂಡ ಗಾಳಿ ಚಲಿಸುವುದಿಲ್ಲ, ಉಷ್ಣವನ್ನು ಹೊರಗೆ ಬಿಡುವುದಿಲ್ಲ. ಒಂದು ವಸ್ತುವಿನಲ್ಲಿ ಉಷ್ಣ ಎಷ್ಟು ಬೇಗ ಹರಡುತ್ತದೆ ಎಂಬುದನ್ನು ಅಳೆಯುವ ಗುಣಾಂಕ ಒಂದಿದೆ. ಒಣಪುಡಿಗಳಿಗೆ ಇದು ಸೆಕೆಂಡಿಗೆ ಒಂದು ಚದರ ಮೀಟರಿನ ಸುಮಾರು ಐವತ್ತು ಲಕ್ಷದಲ್ಲಿ ಒಂದು ಪಾಲು. ಉಷ್ಣ ಒಂದು ದೂರವನ್ನು ದಾಟಲು ತೆಗೆದುಕೊಳ್ಳುವ ಕಾಲವು ಆ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಇಷ್ಟು ತಿಳಿದರೆ ಲೆಕ್ಕ ಸುಲಭ. ಹತ್ತು ಸೆಂಟಿಮೀಟರ್ ದಪ್ಪದ ಬೂದಿಯನ್ನು ದಾಟಲು ಉಷ್ಣಕ್ಕೆ 50,000 ಸೆಕೆಂಡು, ಅಂದರೆ ಸುಮಾರು 14 ಗಂಟೆ ಬೇಕು. ಅಜ್ಜಿಯ ಕೆಂಡ ಬೆಳಗಿನವರೆಗೆ ಉಳಿದದ್ದು ಇದರಿಂದಲೇ. ಒಂದು ಮೀಟರ್ ದಪ್ಪವಾದರೆ? ದೂರ ಹತ್ತು ಪಟ್ಟು, ಕಾಲ ನೂರು ಪಟ್ಟು. ಐವತ್ತು ಲಕ್ಷ ಸೆಕೆಂಡು, ಅಂದರೆ ಹತ್ತಿರ ಹತ್ತಿರ ಎರಡು ತಿಂಗಳು!

ಈಗ ದನದ ದೊಡ್ಡಿಯಲ್ಲಿ ತಿಂಗಳುಗಟ್ಟಲೆ ಕೂಡಿಬಿದ್ದು ಒಣಗಿದ ಸಗಣಿಯ ರಾಶಿಗೆ ಬೆಂಕಿ ಬಿದ್ದಿದೆ ಎಂದುಕೊಳ್ಳಿ. ಮೇಲಿನದು ಉರಿದು ಬೂದಿಯ ಹೊದಿಕೆಯಾಗುತ್ತದೆ. ಒಳಗಿನದು ಜ್ವಾಲೆಯಿಲ್ಲದೆ ಕನಲುತ್ತ ಹೋಗುತ್ತದೆ. ಹುಟ್ಟಿದ ಉಷ್ಣ ಹೊರಹೋಗಲಾರದೆ ಅಲ್ಲೇ ಕೂಡಿಕೊಳ್ಳುತ್ತದೆ. ಬಿರುಕಿನಿಂದಲೋ ಬದಿಯಿಂದಲೋ ಗಾಳಿ ಸಿಕ್ಕಿದ ಕಡೆ ಉಷ್ಣತೆ ಏರಿ ಬೂದಿ ಕರಗಿ ಗಾಜಾಗುತ್ತದೆ. ಗಾಳಿ ಸಿಗದ ಕಡೆ ಕಂದು ಸಗಣಿ ಹಾಗೆಯೇ ಉಳಿಯುತ್ತದೆ. ಕುಂಬಾರರ ಆವಿಗೆಯಲ್ಲಿ ಮಡಕೆಗಳ ಮೇಲೆ ಹುಲ್ಲು, ಮಣ್ಣು, ಬೂದಿ ಮುಚ್ಚುವುದರ ಹಿಂದೆ ಇರುವುದೂ ಇದೇ ತತ್ತ್ವ.

ಒಂದು ಅಂದಾಜು ಲೆಕ್ಕ

ಒಂದು ದಿಬ್ಬ ಬೆಳೆಯಲು ಎಷ್ಟು ದನ, ಎಷ್ಟು ಕಾಲ ಬೇಕು? ನಿಖರವಾದ ಉತ್ತರ ಉತ್ಖನನದಿಂದಲೇ ಬರಬೇಕು. ಆದರೂ ಭೌತವಿಜ್ಞಾನದ ವಿದ್ಯಾರ್ಥಿಗಳು ಮಾಡುವಂತೆ ಒಂದು ಅಂದಾಜು ಮಾಡಬಹುದು.

ನಾಟಿ ದನವೊಂದು ದಿನಕ್ಕೆ ಸುಮಾರು 10 ಕಿಲೋಗ್ರಾಂ ಹಸಿ ಸಗಣಿ ಹಾಕುತ್ತದೆ ಎನ್ನೋಣ. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ನೀರು. ಒಣಗಿದರೆ ಉಳಿಯುವುದು 2 ಕಿಲೋಗ್ರಾಂ. ಹಗಲು ದನ ಮೇಯಲು ಹೋಗಿರುತ್ತದೆ, ಆದ್ದರಿಂದ ದೊಡ್ಡಿಯಲ್ಲಿ ಬೀಳುವುದು ಅರ್ಧ, 1 ಕಿಲೋಗ್ರಾಂ. ಸುಟ್ಟರೆ ಐದನೆಯ ಒಂದು ಭಾಗ, ಅಂದರೆ 200 ಗ್ರಾಂ ಬೂದಿ. ನೂರು ದನಗಳಿದ್ದರೆ ಒಂದು ರಾತ್ರಿಗೆ 20 ಕಿಲೋಗ್ರಾಂ, ವರ್ಷಕ್ಕೆ 7.3 ಟನ್. ಒಂದು ಘನ ಮೀಟರ್ ಬೂದಿ ಸುಮಾರು ಒಂದು ಟನ್ ತೂಗುತ್ತದೆ ಎಂದರೆ ವರ್ಷಕ್ಕೆ 7 ಘನ ಮೀಟರಿಗೆ ತುಸು ಹೆಚ್ಚು.

ಇನ್ನು ದಿಬ್ಬದ ಗಾತ್ರ. ಬುಡದಲ್ಲಿ 30 ಮೀಟರ್ ಅಡ್ಡಗಲ, ನಡುವೆ 3 ಮೀಟರ್ ಎತ್ತರ ಇರುವ ಗುಮ್ಮಟಾಕಾರದ ದಿಬ್ಬದ ಘನಫಲ ಸುಮಾರು 1,070 ಘನ ಮೀಟರ್. ನೂರು ದನಗಳ ಮಂದೆಗೆ ಇದನ್ನು ಕಟ್ಟಲು ಹತ್ತಿರ ಹತ್ತಿರ 150 ವರ್ಷ ಬೇಕು. ಐನೂರು ದನಗಳಿದ್ದರೆ 30 ವರ್ಷ ಸಾಕು. ವರ್ಷದಲ್ಲಿ ಕೆಲವೇ ತಿಂಗಳು ಅಲ್ಲಿ ತಂಗುತ್ತಿದ್ದರೆ ಕಾಲ ಅಷ್ಟಷ್ಟು ಹೆಚ್ಚುತ್ತದೆ. ಅಂಕಿಗಳನ್ನು ನೀವು ಬದಲಿಸಿ ನೋಡಬಹುದು. ಹೇಗೆ ಬದಲಿಸಿದರೂ ಒಂದು ಮಾತು ಮಾತ್ರ ನಿಲ್ಲುತ್ತದೆ: ಇದು ಒಂದು ದಿನದ ಚಿತೆಯಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ದನ ಹೊಡೆದುಕೊಂಡು ಬಂದ, ಒಂದರ ಮೇಲೊಂದು ಹಲವು ತಲೆಮಾರು ಕಂಡ ಜನರ ಕೆಲಸ.

ದೊಡ್ಡಿಯೋ, ಊರೋ, ಹಬ್ಬವೋ?

ಉಟ್ನೂರನ್ನು 1957ರಲ್ಲಿ ಅಗೆದ ಎಫ್. ಆರ್. ಆಲ್ಚಿನ್ ಅವರಿಗೆ ಬೂದಿಯ ಪದರಗಳ ನಡುವೆ ಬೇಲಿಯ ಗೂಟಗಳನ್ನು ಹುಗಿದಿದ್ದ ಕುಳಿಗಳ ಸಾಲುಗಳು ದೊರೆತವು. ಒಂದು ಕಡೆ ದನಗಳ ಗೊರಸಿನ ಗುರುತುಗಳೇ ಅಚ್ಚೊತ್ತಿದಂತೆ ಉಳಿದಿದ್ದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದೊಡ್ಡಿಯಲ್ಲಿ ತುಳಿದಾಡಿದ ದನದ ಹೆಜ್ಜೆ! ಇದು ದನದ ದೊಡ್ಡಿಯೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಅದಕ್ಕೆ ಮೊದಲೇ, 1950ರ ದಶಕದ ಆರಂಭದಲ್ಲಿ, ಆಲ್ಚಿನ್ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಸಮೀಪದ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ್ದರು. ಅಲ್ಲಿಯ ಬಂಡೆಗಳ ಮೇಲೆ ಭುಜದಲ್ಲಿ ಹಿಣಿಲು, ಉದ್ದ ಕೊಂಬು ಇರುವ ಎತ್ತು ಹೋರಿಗಳ ಚಿತ್ರಗಳಿವೆ. ಕೆಲವನ್ನು ಬಣ್ಣದಿಂದ ಬರೆದಿದ್ದಾರೆ, ಕೆಲವನ್ನು ಕಲ್ಲಿನಿಂದ ಕುಟ್ಟಿ ಮೂಡಿಸಿದ್ದಾರೆ. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯಲ್ಲಿ ಅಗೆದಾಗ ಅತ್ಯಂತ ಕೆಳಗಿನ ಹಂತದಲ್ಲಿ ಕಲ್ಲಿನ ಅಲಗುಗಳ ಜೊತೆ ದನ, ಕುರಿ, ಆಡುಗಳ ಮೂಳೆಗಳು ಸಿಕ್ಕವು. ಕವಿತಾಳದ ಸಮೀಪದ ವಟಗಲ್ಲಿನಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ಇಲ್ಲಿಯ ನವಶಿಲಾಯುಗ ಎಷ್ಟು ಹಳೆಯದೆಂದು ತಿಳಿಯಿತು. ಮಸ್ಕಿಯ ಸುತ್ತಲಿನ ನೆಲವನ್ನು ಅಂಗುಲ ಅಂಗುಲವಾಗಿ ನೋಡುವ ಸಂಶೋಧನಾ ಯೋಜನೆಯೊಂದು 2010ರಲ್ಲಿ ಆರಂಭವಾಯಿತು.

ಬೂದಿ ಸಗಣಿಯದು ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯ ಇಲ್ಲ. ಸುಟ್ಟದ್ದು ಏಕೆ ಎಂಬುದರಲ್ಲಿ ಇದೆ. ಇವು ಊರಿನಿಂದ ದೂರದ ದೊಡ್ಡಿಗಳು, ವರ್ಷದ ಯಾವುದೋ ಹಬ್ಬದಂದು ಬೆಂಕಿ ಇಡುತ್ತಿದ್ದಿರಬೇಕು ಎಂದರು ಆಲ್ಚಿನ್. ಬೂದಿಹಾಳದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಕೆ. ಪದ್ದಯ್ಯ ಅವರಿಗೆ ದಿಬ್ಬದ ಪಕ್ಕದಲ್ಲೇ ಮನೆಗಳ ನೆಲೆ, ಕಲ್ಲಿನ ಉಪಕರಣ ಮಾಡುತ್ತಿದ್ದ ಜಾಗ, ದನಗಳನ್ನು ಕಡಿದು ಮಾಂಸ ಹಂಚುತ್ತಿದ್ದ ನೆಲ ದೊರೆತವು. ದಿಬ್ಬವು ನೆಲೆಯಾದ ಊರಿನ ಭಾಗವೇ ಎಂಬುದು ಅವರ ನಿಲುವು. ಇದು ಕೇವಲ ಕಸದ ವಿಲೇವಾರಿಯಲ್ಲ, ಎದ್ದು ಕಾಣುವಂತೆ ಬೇಕೆಂದೇ ಬೆಳೆಸಿದ ಸ್ಮಾರಕ, ಸಮುದಾಯ ಕೂಡುವ ಆಚರಣೆ ಎನ್ನುವ ವಿದ್ವಾಂಸರೂ ಇದ್ದಾರೆ.

ನಮ್ಮ ನಡುವೆಯೇ ಇರುವ ಕೆಲವು ಆಚರಣೆಗಳನ್ನು ಇಲ್ಲಿ ನೆನೆಯಬಹುದು. ಮೈಸೂರು, ಮಂಡ್ಯದ ಕಡೆ ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ದೀಪಾವಳಿಯ ಪಾಡ್ಯದಂದು ಸಗಣಿಯಿಂದ ಹಟ್ಟೆವ್ವನನ್ನು ಮಾಡಿ ಪೂಜಿಸುತ್ತಾರೆ. ಹಟ್ಟಿ ಎಂಬ ಮಾತಿಗೆ ದನದ ಕೊಟ್ಟಿಗೆ, ದನಗಾಹಿಗಳ ಕೇರಿ ಎಂಬ ಅರ್ಥಗಳಿವೆ. ಬೆಂಕಿ, ದನ, ಸಗಣಿ ಇವು ಮೂರೂ ಹಬ್ಬದಲ್ಲಿ ಒಟ್ಟಿಗೆ ಬರುವುದನ್ನು ಆಲ್ಚಿನ್ ಕೂಡ ಗಮನಿಸಿದ್ದರು. ನಾಲ್ಕು ಸಾವಿರ ವರ್ಷಗಳ ಆಚರಣೆಯೇ ಇಂದಿನವರೆಗೆ ನಡೆದು ಬಂದಿದೆ ಎಂದು ಇದರಿಂದ ಸಾಧಿಸಿದಂತಾಗುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಎಂಬುದಂತೂ ನಿಜ. ಉತ್ತರ ಹುಡುಕಬೇಕಾದ ಜಾಗ ಒಂದೇ: ದಿಬ್ಬದ ಪದರಗಳು.

ಒಂದು ಟ್ರ್ಯಾಲಿ ಬೂದಿ

ಆ ಪದರಗಳು ಕರಗುತ್ತಿವೆ. ಹೊಲಕ್ಕೆ ಗೊಬ್ಬರವೆಂದು ಬೂದಿಯನ್ನು ಅಗೆದು ಸಾಗಿಸಿದ್ದಾರೆ. ರಸ್ತೆಗೆ ಹಾಕಿದ್ದಾರೆ. ಹೊಲ ಸಮತಟ್ಟು ಮಾಡುವಾಗ ಯಂತ್ರದಿಂದ ಎಳೆದು ಹರಡಿದ್ದಾರೆ. ತುಂಗಭದ್ರಾ ಕಾಲುವೆಯ ನೀರು ಬಂದಮೇಲೆ ಸಿಂಧನೂರಿನ ಕಡೆ ಒಂದೊಂದು ಗುಂಟೆ ನೆಲಕ್ಕೂ ಬೆಲೆ ಬಂದಿದೆ. ಗದ್ದೆಯ ನಡುವೆ ಇರುವ ಬೂದುಬಣ್ಣದ ದಿಣ್ಣೆ ರೈತನಿಗೆ ಅಡ್ಡಿಯಾಗಿ ಕಂಡರೆ ಅವನನ್ನು ದೂರುವಂತಿಲ್ಲ. ಅದು ಏನೆಂದು ಅವನಿಗೆ ಯಾರೂ ಹೇಳಿಲ್ಲ.

ಹೇಳಬೇಕಾದ ಒಂದು ಮಾತು ಗೊಬ್ಬರದ ಬಗ್ಗೆಯೇ ಇದೆ. ಸಗಣಿ ಸುಟ್ಟಾಗ ಅದರ ಸಾರಜನಕ ಬಹುಪಾಲು ಗಾಳಿಗೆ ಹೋಗುತ್ತದೆ. ನೀರಿನಲ್ಲಿ ಕರಗುವ ಪೊಟ್ಯಾಸಿಯಂನಲ್ಲಿ ಹೆಚ್ಚಿನದು ಸಾವಿರಾರು ಮಳೆಗಾಲಗಳಲ್ಲಿ ತೊಳೆದುಹೋಗಿರುತ್ತದೆ. ಉಳಿಯುವುದು ಮುಖ್ಯವಾಗಿ ಸಿಲಿಕಾ, ಸುಣ್ಣ ಮತ್ತು ಒಂದಷ್ಟು ರಂಜಕ. ಬೂದಿ ಪ್ರತ್ಯಾಮ್ಲೀಯ, ನಮ್ಮ ಎರೆಮಣ್ಣು ಮೊದಲೇ ಪ್ರತ್ಯಾಮ್ಲೀಯ. ಆದ್ದರಿಂದ ಕೊಟ್ಟಿಗೆಯ ಒಂದು ಟ್ರ್ಯಾಲಿ ತಿಪ್ಪೆಗೊಬ್ಬರದ ಮುಂದೆ ಈ ಹಳೆಯ ಬೂದಿಯ ಬೆಲೆ ಅಲ್ಪ.

ದಿಬ್ಬದಲ್ಲಿ ಇದ್ದಾಗ ಅದರ ಬೆಲೆಯೇ ಬೇರೆ. ಒಂದು ಪದರದಲ್ಲಿ ಸಿಕ್ಕುವ ಚೂರು ಇದ್ದಿಲನ್ನು ತೆಗೆದುಕೊಳ್ಳಿ. ಇದ್ದಿಲಿನಲ್ಲಿರುವ ಕಾರ್ಬನ್-14 ಪರಮಾಣುಗಳು 5,730 ವರ್ಷಗಳಲ್ಲಿ ಅರ್ಧವಾಗುತ್ತವೆ. ಮೊದಲಿದ್ದುದರಲ್ಲಿ ನೂರಕ್ಕೆ 58 ಭಾಗ ಉಳಿದಿದ್ದರೆ ಅದರ ವಯಸ್ಸು ಸುಮಾರು 4,500 ವರ್ಷ. ಮೇಲಿನ ಪದರದ ಇದ್ದಿಲು, ಕೆಳಗಿನ ಪದರದ ಇದ್ದಿಲು ಎರಡನ್ನೂ ಅಳೆದರೆ ನಾವು ಮೇಲೆ ಅಂದಾಜಿಸಿದ 30 ವರ್ಷವೋ 150 ವರ್ಷವೋ ಎಂಬ ಪ್ರಶ್ನೆಗೆ ಉತ್ತರದ ಹತ್ತಿರ ಹೋಗಬಹುದು. ದನದ ಹಲ್ಲಿನ ಎನಾಮಲ್‌ನಲ್ಲಿರುವ ಸ್ಟ್ರಾನ್ಷಿಯಂ ಐಸೊಟೋಪುಗಳನ್ನು ಅಳೆದರೆ ಆ ದನ ಎಳವೆಯಲ್ಲಿ ಯಾವ ಬಗೆಯ ಶಿಲೆಯ ನೆಲದಲ್ಲಿ ಮೇದಿತ್ತು, ಮಂದೆ ದೂರ ಹೋಗಿ ಬರುತ್ತಿತ್ತೇ ಎಂಬುದು ತಿಳಿಯುತ್ತದೆ. ಬೂದಿಯ ಕೆಳಗೆ ಸುಟ್ಟ ಮಣ್ಣಿನಲ್ಲಿರುವ ಮ್ಯಾಗ್ನೆಟೈಟ್ ಕಣಗಳು 580 ಡಿಗ್ರಿಗಿಂತ ಮೇಲೆ ಕಾದು ಆರುವಾಗ ಅಂದಿನ ಭೂಕಾಂತಕ್ಷೇತ್ರದ ದಿಕ್ಕನ್ನು ತಮ್ಮಲ್ಲಿ ಉಳಿಸಿಕೊಳ್ಳುತ್ತವೆ. ಆ ಮಣ್ಣು ಕದಲದಿದ್ದರೆ ಅದನ್ನು ಇಂದೂ ಅಳೆಯಬಹುದು.

ಕದಲದಿದ್ದರೆ! ಎಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ. ಪುಸ್ತಕದ ಹಾಳೆಗಳನ್ನು ಚೂರುಮಾಡಿ ಗೋಣಿಚೀಲಕ್ಕೆ ತುಂಬಿದರೆ ತೂಕ ಕಡಿಮೆಯಾಗುವುದಿಲ್ಲ, ಒಂದು ಅಕ್ಷರವೂ ಕಳೆದುಹೋಗುವುದಿಲ್ಲ. ಆದರೆ ಓದಲು ಬರುವುದಿಲ್ಲ. ದಿಬ್ಬದ ಬೂದಿ ಟ್ರ್ಯಾಲಿಗೆ ಏರಿದಾಗಲೂ ಆಗುವುದು ಇದೇ. ಅದರ ಪ್ರತಿ ಪರಮಾಣುವೂ ಹಾಗೆಯೇ ಇರುತ್ತದೆ. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು, ಯಾವುದರ ಪಕ್ಕ ಯಾವುದಿತ್ತು ಎಂಬ ಕ್ರಮ ಮಾತ್ರ ಹೋಗುತ್ತದೆ. ಇತಿಹಾಸ ಇದ್ದದ್ದು ಬೂದಿಯಲ್ಲಲ್ಲ, ಆ ಕ್ರಮದಲ್ಲಿ. ಹೋದ ಕ್ರಮವನ್ನು ಯಾವ ಪ್ರಯೋಗಶಾಲೆಯೂ ಮರಳಿ ತರಲಾರದು.

ಕೆನಡಾದ ಒಂದು ಪಾಠ

ಕಸದಂತೆ ಕಾಣುವ ದಾಖಲೆಯನ್ನು ಉಳಿಸಿಕೊಂಡ ಉದಾಹರಣೆ ಜಗತ್ತಿನಲ್ಲಿ ಇದೆಯೆ? ಇದೆ. ಅದಕ್ಕಾಗಿ ಭೂಗೋಳದ ಇನ್ನೊಂದು ಬದಿಗೆ, ಕೆನಡಾ ದೇಶದ ಆಲ್ಬರ್ಟಾ ಪ್ರಾಂತಕ್ಕೆ ಹೋಗಬೇಕು. ಅಲ್ಲಿಯ ಹುಲ್ಲುಗಾವಲಿನಲ್ಲಿ ಬ್ಲ್ಯಾಕ್‌ಫುಟ್ ಎಂಬ ಮೂಲನಿವಾಸಿ ಜನ ಬೈಸನ್ ಬೇಟೆಯಿಂದ ಬದುಕುತ್ತಿದ್ದರು. ಬೈಸನ್ ನಮ್ಮ ಕಾಟಿಯ ದೂರದ ಬಂಧು. ಕುದುರೆ, ಬಂದೂಕು ಬರುವ ಮೊದಲು ಆ ಭಾರಿ ಪ್ರಾಣಿಯನ್ನು ಕೊಲ್ಲಲು ಅವರು ನೆಲದ ಇಳಿಜಾರನ್ನೇ ಉಪಯೋಗಿಸುತ್ತಿದ್ದರು. ಕಿಲೋಮೀಟರುಗಟ್ಟಲೆ ಎರಡು ಸಾಲಾಗಿ ಕಲ್ಲುಗುಪ್ಪೆಗಳನ್ನಿಟ್ಟು, ಅವುಗಳ ನಡುವೆ ಹಿಂಡನ್ನು ನಯವಾಗಿ ನಡೆಸಿಕೊಂಡು ಬಂದು, ಕೊನೆಗೆ ಬೆದರಿಸಿ ಓಡಿಸಿ ಸುಮಾರು 10 ಮೀಟರ್ ಎತ್ತರದ ಬಂಡೆಯಂಚಿನಿಂದ ಕೆಳಗೆ ಬೀಳಿಸುತ್ತಿದ್ದರು. ಕೆಳಗೆ ಊರಿಗೆ ಊರೇ ಕಾದಿರುತ್ತಿತ್ತು. ಮಾಂಸವನ್ನು ಒಣಗಿಸಿ ಇಡುತ್ತಿದ್ದರು. ತೊಗಲು ಹಾಸಿದ ಗುಂಡಿಯಲ್ಲಿ ನೀರು ತುಂಬಿ, ಕಾಯಿಸಿದ ಕಲ್ಲುಗಳನ್ನು ಅದರೊಳಗೆ ಹಾಕಿ, ಮೂಳೆಗಳನ್ನು ಕುದಿಸಿ ಕೊಬ್ಬು ತೆಗೆಯುತ್ತಿದ್ದರು. ಸುಮಾರು ಆರು ಸಾವಿರ ವರ್ಷ ಹೀಗೆ ನಡೆದು ಬಂಡೆಯ ಬುಡದಲ್ಲಿ 10 ಮೀಟರಿಗೂ ಮಿಕ್ಕಿದ ದಪ್ಪಕ್ಕೆ ಮೂಳೆ, ಬಾಣದ ಮೊನೆ, ಮಣ್ಣು ಪದರ ಪದರವಾಗಿ ಕೂಡಿದವು.

19ನೆಯ ಶತಮಾನದ ಕೊನೆಯ ಹೊತ್ತಿಗೆ ವಲಸೆ ಬಂದವರ ಬಂದೂಕುಗಳು ಕೋಟಿಗಟ್ಟಲೆ ಇದ್ದ ಬೈಸನ್‌ಗಳನ್ನು ಹೆಚ್ಚುಕಡಿಮೆ ನಿರ್ಮೂಲ ಮಾಡಿದವು. ಬಯಲಿನಲ್ಲಿ ಬಿದ್ದ ಅವುಗಳ ಮೂಳೆಗಳನ್ನು ರೈಲುಗಟ್ಟಲೆ ತುಂಬಿ ಗೊಬ್ಬರಕ್ಕೆ ಸಾಗಿಸಿದರು. ಅಮೆರಿಕದ ಮೊಂಟಾನಾದಲ್ಲಿ ಇಂಥದೇ ಒಂದು ಬೇಟೆಯ ಬಂಡೆಯ ಬುಡದ ಮೂಳೆಪದರವನ್ನೂ 1940ರ ದಶಕದಲ್ಲಿ ಗೊಬ್ಬರಕ್ಕಾಗಿ ಅಗೆದರು. ಅಲ್ಲಿ ಮೂಳೆ, ಇಲ್ಲಿ ಬೂದಿ, ಗತಿ ಒಂದೇ.

ಆಲ್ಬರ್ಟಾದ ಆ ಜಾಗ ಮಾತ್ರ ಉಳಿಯಿತು. 'ಹೆಡ್-ಸ್ಮ್ಯಾಷ್ಡ್-ಇನ್ ಬಫೆಲೊ ಜಂಪ್' ಎಂಬ ಹೆಸರಿನ ಈ ಸ್ಥಳವನ್ನು ಯುನೆಸ್ಕೋ 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1987ರಲ್ಲಿ ಅಲ್ಲಿ ಒಂದು ವಿವರಣಾ ಕೇಂದ್ರ ತೆರೆಯಿತು. ಕಟ್ಟಡವನ್ನು ಬಂಡೆಯ ಒಡಲಿನೊಳಗೇ ಸೇರಿಸಿ ಕಟ್ಟಿದ್ದಾರೆ, ನೆಲದ ನೋಟ ಕೆಡದಂತೆ. ಅದಕ್ಕಿಂತ ದೊಡ್ಡ ಮಾತೆಂದರೆ, ಬಂದವರಿಗೆ ಬೇಟೆಯ ಕ್ರಮವನ್ನು ವಿವರಿಸುವವರು ಬ್ಲ್ಯಾಕ್‌ಫುಟ್ ಜನರೇ. ಪುರಾತತ್ತ್ವಜ್ಞರು ಪದರಗಳಿಂದ ತಿಳಿದದ್ದು, ಹಿರಿಯರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದು ಎರಡೂ ಅಲ್ಲಿ ಒಟ್ಟಿಗೆ ಸಿಗುತ್ತವೆ.

ನಮ್ಮಲ್ಲಿ ಏನಾಗಬೇಕು?

ಆರಂಭ ನಮ್ಮಲ್ಲೂ ಆಗಿದೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ನವಶಿಲಾಯುಗದ ಬದುಕನ್ನು ಅಲ್ಲಿ ನೋಡಬಹುದು. ರಾಯಚೂರು ಜಿಲ್ಲೆಯ ಶಾಲೆಗಳು ಹಂಪಿಗೆ ಪ್ರವಾಸ ಹೋಗುವಾಗ ಇದನ್ನೂ ಸೇರಿಸಿಕೊಳ್ಳಬೇಕು. ಪಿಕ್ಲಿಹಾಳವಂತೂ ಮುದಗಲ್ ಕೋಟೆಗೆ ಬರುವವರಿಗೆ ಹತ್ತಿರದಲ್ಲೇ ಇದೆ. ಮಸ್ಕಿಯಲ್ಲಿ ಶಾಸನದ ಪಕ್ಕದಲ್ಲೇ, ಅದಕ್ಕಿಂತ ಹಳೆಯ ಜನರ ಬಗ್ಗೆ ಕನ್ನಡದಲ್ಲಿ ಹೇಳುವ ಒಂದು ಫಲಕವಿದ್ದರೆ ಎಷ್ಟು ಉಪಯೋಗ! ಆ ವಿವರಣೆಗೆ ಮಂದೆ ಕಾಯುವುದನ್ನು ಬಲ್ಲ ಇಲ್ಲಿನ ಕುರುಬರ, ಗೊಲ್ಲರ ಹಿರಿಯರ ಅನುಭವವೂ ಸೇರಬೇಕು. ಮಂದೆ ಎಷ್ಟು ದಿನ ಒಂದು ಕಡೆ ನಿಲ್ಲುತ್ತದೆ, ಏಕೆ ಎದ್ದು ಹೋಗುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಶಿಕ್ಷಕರು ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿಸಬಹುದು. ಒಂದೇ ಗಾತ್ರದ ಎರಡು ಕೆಂಡಗಳನ್ನು ಎರಡು ಮಣ್ಣಿನ ಬೋಗುಣಿಗಳಲ್ಲಿ ಇಡಿ. ಒಂದನ್ನು ತೆರೆದಿಡಿ, ಇನ್ನೊಂದನ್ನು ಅಂಗೈ ದಪ್ಪದ ಒಣಬೂದಿಯಲ್ಲಿ ಮುಚ್ಚಿ. ಯಾವುದು ಎಷ್ಟು ಹೊತ್ತು ಬಿಸಿಯಾಗಿರುತ್ತದೆ ಎಂದು ಮಕ್ಕಳು ಬರೆದುಕೊಳ್ಳಲಿ. ಕೆಂಡ ಮುಟ್ಟುವ ಕೆಲಸ ದೊಡ್ಡವರದೇ ಆಗಿರಲಿ, ಕೋಣೆಗೆ ಗಾಳಿ ಆಡುತ್ತಿರಲಿ.

ನಿಮ್ಮ ಊರಿನ ಸುತ್ತ ಬೂದಿದಿಬ್ಬ ಇದ್ದರೆ ಗುರುತಿಸುವುದು ಕಷ್ಟವಲ್ಲ. ಸುತ್ತಲಿನ ಎರೆ ಅಥವಾ ಮಸಾರಿ ಮಣ್ಣಿಗೆ ಹೊಂದದ ಬೂದುಬಣ್ಣದ ಮೆತ್ತನೆಯ ನೆಲ, ಹಗುರವಾದ ಗುಳ್ಳೆಗಲ್ಲಿನಂಥ ಚೂರುಗಳು, ಉಜ್ಜಿ ನುಣುಪು ಮಾಡಿದ ಕಪ್ಪುಕಲ್ಲಿನ ಕೊಡಲಿ, ಒರಟು ಬೂದುಬಣ್ಣದ ಮಡಕೆಯ ಚೂರು ಇವು ಅದರ ಲಕ್ಷಣಗಳು. ಕಂಡರೆ ದಯವಿಟ್ಟು ಅಗೆಯಬೇಡಿ, ಚೂರುಗಳನ್ನು ಆಯ್ದು ಮನೆಗೆ ತರಬೇಡಿ. ಎದ್ದ ಜಾಗ ತಿಳಿಯದ ಕೊಡಲಿ ಬರಿಯ ಕಲ್ಲು. ಸರ್ವೆ ನಂಬರು, ಜಾಗದ ಗುರುತು ಬರೆದುಕೊಳ್ಳಿ, ಚಿತ್ರ ತೆಗೆಯಿರಿ. ರಾಜ್ಯದ ಪುರಾತತ್ತ್ವ ಇಲಾಖೆಗೆ ಅಥವಾ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ಹೊಲದ ಒಡೆಯರೊಡನೆ ಮಾತನಾಡಿ. ಅವರ ಹೊಲದಲ್ಲಿರುವುದು ಮಸ್ಕಿಯ ಶಾಸನಕ್ಕಿಂತ ಎರಡು ಸಾವಿರ ವರ್ಷ ಹಳೆಯದು ಎಂದು ತಿಳಿಸಿ. ತಿಳಿದ ಮೇಲೆ ಅದನ್ನು ಕಾಯುವವರಲ್ಲಿ ಅವರೇ ಮೊದಲಿಗರಾಗಬಹುದು.